ಗ್ಲಿಮಿಪಿರೈಡ್ ಮಾತ್ರೆ ಜೊತೆ ಮಧುನಾಶಿನಿ ಪುಡಿ: ಅಮ್ಮನಿಗೆ ಹೀಗೇ ಮುಂದುವರಿಸಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 66 ವರ್ಷ. ಶಿವಮೊಗ್ಗದಲ್ಲಿ ಅಪ್ಪನ ಜೊತೆ ಇದ್ದಾರೆ, ನಾನು ಬೆಂಗಳೂರಲ್ಲಿ. ಶುಗರ್ ಬಹಳ ಹಳೇದು. ಗ್ಲಿಮಿಪಿರೈಡ್ 2, ಮೆಟ್‌ಫಾರ್ಮಿನ್ 500 ಎರಡೂ ಸೇರಿರೋ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಪಿಗೆ ಟೆಲ್ಮಿಸಾರ್ಟನ್. ಥೈರಾಯ್ಡ್ ಮಾತ್ರೆ ಎದ್ದ ತಕ್ಷಣ.

ಇದೆಲ್ಲಾ ಡಾಕ್ಟರ್ ಬರೆದಿದ್ದು. ಇದರ ಮೇಲೆ ಅಮ್ಮನದೇ ಸ್ವಂತ ಪಟ್ಟಿ ಒಂದಿದೆ. ವಾಕಿಂಗ್ ಗುಂಪಿನಲ್ಲಿ ಯಾರೋ ಹೇಳಿದ ಮಧುನಾಶಿನಿ ಪುಡಿ, ಬೆಳಿಗ್ಗೆ ಬಿಸಿನೀರಲ್ಲಿ ಒಂದು ಚಮಚ. ಹಾಗಲಕಾಯಿ, ಸೋರೆಕಾಯಿ ಸೇರಿಸಿ ಮಿಕ್ಸಿಗೆ ಹಾಕಿದ ರಸ. ಮಂಡಿಗೆ ಅಂತ ಕ್ಯಾಲ್ಸಿಯಂ. ಕೂದಲು ಉದುರುತ್ತೆ ಅಂತ ತಂಗಿ ತಂದುಕೊಟ್ಟ ಬಯೋಟಿನ್ ಮಾತ್ರೆ.

ಪುಡಿ ಶುರುವಾದ ಮೇಲೆ ಬೆಳಿಗ್ಗೆ 11ರ ಹೊತ್ತಿಗೆ ಆಗಾಗ ಬೆವರು, ಕೈ ನಡುಕ. ಮೊನ್ನೆ ಅಪ್ಪ ಗ್ಲುಕೋಮೀಟರ್‌ನಲ್ಲಿ ನೋಡಿದ್ರೆ 58. ಅಮ್ಮನಿಗೆ ಖುಷಿಯೋ ಖುಷಿ, "ನೋಡು, ಪುಡಿ ಹಿಡೀತು" ಅಂತಾರೆ. ಡಾಕ್ಟರ್‌ಗೆ ಹೇಳಿಲ್ಲ. ಹೇಳಿದ್ರೆ ಬೈತಾರಂತೆ.

ಪುಡಿಯಿಂದ ಶುಗರ್ ಇಳಿದಿದ್ರೆ ಒಳ್ಳೇದೇ ಅಲ್ವಾ? ಅಥವಾ ನಾನು ಗಾಬರಿಯಾಗಬೇಕಾ?

ಔಷಧಿ_ಅಂಗಡಿ (ದಾವಣಗೆರೆ)

ಗಾಬರಿ ಬೇಡ, ಆದ್ರೆ ತಡವೂ ಬೇಡ. ಇವತ್ತೇ ಅವರ ಡಾಕ್ಟರ್‌ಗೆ ಫೋನ್ ಮಾಡಿ 58 ಬಂದಿದ್ದು ಹೇಳಿ, ಪುಡಿ ವಿಷಯಾನೂ ಹೇಳಿ. ಅವರ ಜೊತೆ ಮಾತಾಡೋ ತನಕ ಪುಡಿ, ರಸ ಎರಡೂ ನಿಲ್ಲಿಸಿ. ಮಾತ್ರೆಯನ್ನ ಮಾತ್ರ ನೀವಾಗೇ ಏರಿಸೋದು ಇಳಿಸೋದು ಮಾಡಬೇಡಿ.

70ಕ್ಕಿಂತ ಕೆಳಗೆ ಬಂದ್ರೆ ಅದು ಲೋ ಶುಗರ್. 54ಕ್ಕಿಂತ ಕೆಳಗೆ ಹೋದ್ರೆ ಇನ್ನೂ ಗಂಭೀರ. 66ರ ವಯಸ್ಸಲ್ಲಿ ಹೈ ಶುಗರ್ ನಿಧಾನಕ್ಕೆ ಹಾಳುಮಾಡುತ್ತೆ, ಲೋ ಶುಗರ್ ಬಚ್ಚಲಲ್ಲಿ ಬೀಳಿಸಿ ಸೊಂಟದ ಮೂಳೆ ಮುರಿಸುತ್ತೆ.

ನನ್ನ ಕೌಂಟರ್‌ಗೆ ಬರೋರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. "ಶುಗರ್ ಮಾತ್ರೆ" ಅಂತ ಒಂದೇ ಹೆಸರು ಇಟ್ಟುಕೊಂಡಿದ್ದೀವಿ, ಆದ್ರೆ ಅದರೊಳಗಿನ ಜಾತಿಗಳೇ ಬೇರೆ ಬೇರೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಸಕ್ಕರೆ ಬಿಡೋದನ್ನ ಕಡಿಮೆ ಮಾಡುತ್ತೆ. ಅದೊಂದನ್ನೇ ತಗೊಳೋರಿಗೆ ಲೋ ಆಗೋದು ಅಪರೂಪ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಹಾಗಲ್ಲ. ರಕ್ತದಲ್ಲಿ ಸಕ್ಕರೆ ಇರಲಿ ಬಿಡಲಿ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ಅದರ ಮೇಲೆ ಸಕ್ಕರೆ ಇಳಿಸೋ ಇನ್ನೊಂದು ಪದಾರ್ಥ ಸೇರಿದ್ರೆ ಕೆಳಕ್ಕೆ ಹೋಗೋದನ್ನ ತಡೆಯೋರು ಯಾರೂ ಇರಲ್ಲ. ಇನ್ಸುಲಿನ್ ಚುಚ್ಚಿಕೊಳೋರಿಗೂ ಇದೇ ಮಾತು. ಹಾಗಾಗಿ "ಮಧುನಾಶಿನಿ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ, ಯಾವ ಮಾತ್ರೆ ಜೊತೆ ಅಂತ ಹೇಳಿದ್ರೆ ಇದೆ.

ಒಂದು ಕೆಲಸ ಮಾಡಿ. ಮಾತ್ರೆ ಸ್ಟ್ರಿಪ್ ಹಿಂದುಗಡೆ ಸಣ್ಣಕ್ಷರ ಓದಿ. ಎರಡೇ ಔಷಧಿ ಇದೆಯಾ, ಮೂರನೇದಾಗಿ ವೊಗ್ಲಿಬೋಸ್ ಅಂತ ಏನಾದ್ರೂ ಇದೆಯಾ? ಇದ್ರೆ ಹೇಳಿ, ಬೇರೆ ಒಂದು ಮಾತು ಹೇಳೋದಿದೆ.

ಬಿಜಾಪುರ_ಬಿಳಿಜೋಳ

ನಮ್ಮ ಮುತ್ಯಾ ದಿನಾ ಹಾಗಲಕಾಯಿ ತಿಂದು ತೊಂಬತ್ತು ದಾಟಿದ್ರು. ಒಂದು ಗುಳಿಗಿ ಇಲ್ಲ, ಏನಿಲ್ಲ. ಈಗಿನವ್ರು ಎಲ್ಲಾದಕ್ಕೂ ಅಂಜತೀರಿ. ಮನ್ಯಾಗಿನ ಔಷಧಕ್ಕ ಏನ್ ಆಗತೈತ್ರಿ?

ಔಷಧಿ_ಅಂಗಡಿ (ದಾವಣಗೆರೆ)

ನೀವೇ ಹೇಳಿದ್ರಲ್ಲ ಸರ್, ಮುತ್ಯಾ ಅವರಿಗೆ ಗುಳಿಗಿ ಇರಲಿಲ್ಲ. ಇಲ್ಲಿ ಕೇಳ್ತಿರೋದು ಗುಳಿಗಿ ಇರೋರ ವಿಷಯ.

ಬಿಜಾಪುರ_ಬಿಳಿಜೋಳ

ಆ ಮಾತ ಖರೆ ಐತಿ ಬಿಡ್ರಿ.

ತುಂಗಾತೀರ

ಅಪ್ಪನ ಹತ್ರ ಸ್ಟ್ರಿಪ್ ಫೋಟೊ ತರಿಸಿದೆ. ವೊಗ್ಲಿಬೋಸ್ 0.2 ಅಂತಾನೂ ಇದೆ! ನಮಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ಡಾಕ್ಟರ್ ನಾಳೆ ಬೆಳಿಗ್ಗೆ ಬರಕ್ಕೆ ಹೇಳಿದ್ದಾರೆ.

ಔಷಧಿ_ಅಂಗಡಿ (ದಾವಣಗೆರೆ)

ಹಾಗಾದ್ರೆ ಇದನ್ನ ಅಪ್ಪನಿಗೆ ಈಗಲೇ ಹೇಳಿಬಿಡಿ. ಲೋ ಆದಾಗ ಎಲ್ಲರೂ ಮಾಡೋದು ಸಕ್ಕರೆ ನೀರು ಇಲ್ಲಾ ಬೆಲ್ಲದ ಚೂರು. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ತಗೊಳೋರಿಗೆ ಅದು ಬೇಗ ಕೆಲಸ ಮಾಡಲ್ಲ. ಅಡುಗೆಮನೆ ಸಕ್ಕರೆ ಕರುಳಲ್ಲಿ ಒಡೆದು ಗ್ಲುಕೋಸ್ ಆಗಬೇಕು, ಆ ಒಡೆಯೋ ಕೆಲಸವನ್ನೇ ಈ ಔಷಧಿ ತಡೆಯೋದು. ಅವರಿಗೆ ಬೇಕಾಗಿರೋದು ನೇರ ಗ್ಲುಕೋಸ್ ಪುಡಿ. ಅಂಗಡೀಲಿ ಸಿಗೋ ಡಬ್ಬಿ ತಗೊಳ್ಳಿ. ಹಣ್ಣಿನ ರುಚಿ ಹಾಕಿದ ಕೆಲವದರಲ್ಲಿ ಸಕ್ಕರೇನೇ ಬೆರೆಸಿರ್ತಾರೆ, ಹಿಂದುಗಡೆ ಓದಿ, ಸಾದಾದ್ದೇ ತಗೊಳ್ಳಿ.

15 ಗ್ರಾಂ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟಿಲ್ಲ ಅಂದ್ರೆ ಇನ್ನೊಂದು ಸಲ. ಸರಿ ಹೋದ ಮೇಲೆ ಏನಾದ್ರೂ ತಿನ್ನಿಸಿ. ಎಚ್ಚರ ಇಲ್ಲದಿದ್ರೆ ಬಾಯಿಗೆ ಏನೂ ಹಾಕಬೇಡಿ, ಸೀದಾ ಆಸ್ಪತ್ರೆ. ಗ್ಲಿಮಿಪಿರೈಡ್‌ನಿಂದ ಆದ ಲೋ ಒಮ್ಮೆ ಸರಿಹೋಗಿ ಕೆಲವು ಗಂಟೆ ಆದ ಮೇಲೆ ಮತ್ತೆ ಬರಬಹುದು, ಆ ದಿನ ಒಬ್ಬರೇ ಇರೋದು ಬೇಡ.

ಅಳಲೆಕಾಯಿ (ಆಯುರ್ವೇದ ವೈದ್ಯೆ, ಉಡುಪಿ)

ನಾನು ಬಿಎಎಂಎಸ್ ಓದಿದವಳು. ದಿನಾ ಇದೇ ಗಿಡಮೂಲಿಕೆ ಕೊಡುವವಳು. ಆದ್ದರಿಂದ ನನ್ನ ಮಾತನ್ನು ಯಾರೂ "ಇಂಗ್ಲಿಷ್ ಮದ್ದಿನವರ ಪರ" ಅಂತ ತಳ್ಳಿಹಾಕಲಿಕ್ಕಿಲ್ಲ.

ಮಧುನಾಶಿನಿ ಅಂದರೆ ಕಣ್ಣಿಗೆ ಕಾಣುವ ಗುಣ ಉಳ್ಳ ಗಿಡ. ಎಲೆ ಜಗಿದು ಸಕ್ಕರೆ ಬಾಯಿಗೆ ಹಾಕಿ, ಮರಳು ತಿಂದ ಹಾಗೆ ಆಗುತ್ತದೆ. ಅದರಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗ್ರಾಹಕಗಳನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಸಕ್ಕರೆ ಇಳಿಸುವ ಗುಣವೂ ಸ್ವಲ್ಪ ಮಟ್ಟಿಗೆ ಉಂಟು. ಉಂಟು ಅಂತಾದ ಮೇಲೆ ಅದೂ ಮದ್ದೇ. ಮದ್ದಿಗೆ ಪ್ರಮಾಣ ಬೇಡವೇ? ವಾಕಿಂಗ್ ಗುಂಪಿನ "ಒಂದು ಚಮಚ" ಯಾವ ಪ್ರಮಾಣ? ಎಲೆಯ ಪುಡಿ ಬೇರೆ, ಸಾರ ತೆಗೆದು ತುಂಬಿದ ಕ್ಯಾಪ್ಸೂಲ್ ಬೇರೆ. ಒಂದು ಕಡೆಯ ಪುಡಿಯ ಬಲ ಇನ್ನೊಂದು ಕಡೆಯದ್ದಕ್ಕೆ ಇರುವುದಿಲ್ಲ. ನಾನು ಯಾರಿಗೇ ಇದನ್ನು ಕೊಡುವುದಿದ್ದರೂ ಮೊದಲು ಅವರ ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲೆ ಇಡಿಸುತ್ತೇನೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಪುಡಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ ರಸ. ಹಾಗಲಕಾಯಿಗೆ ಸೋರೆಕಾಯಿ ಬೆರೆಸಲೇಬಾರದು. ಸೋರೆಕಾಯಿ ಒಮ್ಮೊಮ್ಮೆ ಕಹಿಯಾಗಿರುತ್ತದೆ, ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷ. ಬರೀ ಸೋರೆಕಾಯಿ ರಸವಾದರೆ ಮೊದಲ ಗುಟುಕಿಗೇ ಗೊತ್ತಾಗಿ ಉಗುಳುತ್ತೀರಿ. ಹಾಗಲಕಾಯಿ ಬೆರೆಸಿದರೆ ಕಹಿ ಯಾವುದರದ್ದು ಅಂತ ನಾಲಿಗೆಗೆ ಹೇಗೆ ಗೊತ್ತಾಗಬೇಕು? 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಇದೇ ಎರಡು ರಸ ಬೆರೆಸಿ ಕುಡಿದು ತೀರಿಕೊಂಡರು. ಸಕ್ಕರೆ ಕಾಯಿಲೆಗೆ ಅಂತ ಗಂಡ ಹೆಂಡತಿ ವರ್ಷಗಟ್ಟಲೆ ಕುಡಿಯುತ್ತಿದ್ದರು, ಆ ದಿನದ ಕಾಯಿ ಕಹಿ ಇತ್ತು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿ ಕೂತು ಹೇಳಿದ್ದು ಇಷ್ಟೇ: ಕಹಿ ಇದ್ದರೆ ಕುಡಿಯಬೇಡಿ, ಬೇರೆ ರಸದೊಂದಿಗೆ ಬೆರೆಸಬೇಡಿ, ಕುಡಿದು ವಾಂತಿ ಭೇದಿ ಶುರುವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹಾಗಲಕಾಯಿ ಪಲ್ಯ, ಗೊಜ್ಜು, ಮೆಣಸ್ಕಾಯಿ ಯಾವುದೂ ಬಿಡಬೇಕಾಗಿಲ್ಲ. ಮೆಣಸ್ಕಾಯಿಗೆ ಹಾಕುವ ಬೆಲ್ಲದ ಲೆಕ್ಕ ಮಾತ್ರ ನಿಮ್ಮ ಆತ್ಮಸಾಕ್ಷಿಗೆ ಬಿಟ್ಟದ್ದು.

ಹೊನ್ನೆಲೋಟ

ಮೇಡಂ, ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯೋದು? ಕರಕುಶಲ ಮೇಳದಲ್ಲಿ ತಗೊಂಡೆ. ಮನೆ ಹಿತ್ತಲಲ್ಲಿ ಇನ್ಸುಲಿನ್ ಗಿಡಾನೂ ಇದೆ, ದಿನಾ ಒಂದೆಲೆ.

ಅಳಲೆಕಾಯಿ (ಆಯುರ್ವೇದ ವೈದ್ಯೆ, ಉಡುಪಿ)

ಹೊನ್ನೆಯ ಮೇಲೆ ಐಸಿಎಂಆರ್ ಸ್ವತಃ ರೋಗಿಗಳಲ್ಲಿ ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದೆ, ಹಾಗಾಗಿ ಅದು ಬರೀ ಕಟ್ಟುಕಥೆ ಅಲ್ಲ. ಆದರೆ ಅವರು ಕೊಟ್ಟದ್ದು ಅಳತೆ ಮಾಡಿದ ಔಷಧ. ನಿಮ್ಮ ಲೋಟ ಹೊಸದಿದ್ದಾಗ ನೀರು ಕಂದು ನೀಲಿ ಆಗುತ್ತದೆ, ಕ್ರಮೇಣ ಬಣ್ಣವೇ ಬಿಡುವುದಿಲ್ಲ. ಇವತ್ತು ಎಷ್ಟು ಮದ್ದು ಹೊಟ್ಟೆಗೆ ಹೋಯಿತು ಅಂತ ಹೇಳುವುದು ಹೇಗೆ?

ಇನ್ಸುಲಿನ್ ಗಿಡದಲ್ಲಿ ಇನ್ಸುಲಿನ್ ಇಲ್ಲ. ಬ್ರೆಜಿಲ್ ಕಡೆಯ ಗಿಡ ಅದು, ನಮ್ಮ ಯಾವ ಸಂಹಿತೆಯಲ್ಲೂ ಇಲ್ಲ. ಎಲೆ ತಿನ್ನುವುದನ್ನು ನಿಮ್ಮ ಡಾಕ್ಟರಿಗೆ ಹೇಳಿ. ಇನ್ಸುಲಿನ್ ಇಂಜೆಕ್ಷನ್ ಬಿಟ್ಟು ಎಲೆ ತಿನ್ನುವವರನ್ನು ನಾನು ಕಂಡಿದ್ದೇನೆ, ಅದು ಜೀವದ ಜೊತೆ ಆಟ.

ರಕ್ತಪರೀಕ್ಷೆ_ರಾಜ (ಲ್ಯಾಬ್ ಟೆಕ್ನೀಷಿಯನ್)

ಎಲ್ರೂ ಪುಡಿ ಹಿಂದೆ ಬಿದ್ದಿದ್ದೀರ, ಬಯೋಟಿನ್ ಕಡೆ ಯಾರೂ ನೋಡ್ಲಿಲ್ಲ.

ಬಯೋಟಿನ್ ದೇಹಕ್ಕೇನೂ ದೊಡ್ಡ ತೊಂದರೆ ಮಾಡಲ್ಲ. ಮಾಡೋದು ನಮ್ಮ ಮಿಷನ್‌ಗೆ. ದಿನಕ್ಕೆ ಬೇಕಾಗೋದು ಸುಮಾರು 30 ಮೈಕ್ರೋಗ್ರಾಂ, ಕೂದಲಿನ ಮಾತ್ರೆಗಳಲ್ಲಿ 10 ಮಿಲಿಗ್ರಾಂ ತನಕ, ಅಂದ್ರೆ 10,000 ಮೈಕ್ರೋಗ್ರಾಂ ಇರುತ್ತೆ. ತುಂಬಾ ಲ್ಯಾಬ್‌ಗಳ ಹಾರ್ಮೋನ್ ಟೆಸ್ಟ್ ನಡೆಯೋದೇ ಬಯೋಟಿನ್ ಅಂಟಿನ ತಂತ್ರದ ಮೇಲೆ. ರಕ್ತದಲ್ಲೇ ಬಯೋಟಿನ್ ತುಂಬಿದ್ರೆ ಥೈರಾಯ್ಡ್ ಟೆಸ್ಟಿನ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ, ಟಿ3 ಟಿ4 ಸುಳ್ಳಾಗಿ ಜಾಸ್ತಿ ಬರಬಹುದು. ರಿಪೋರ್ಟ್ ನೋಡಿ ಡಾಕ್ಟರ್ ಥೈರಾಯ್ಡ್ ಡೋಸ್ ಇಳಿಸಿದ್ರೆ? ಇನ್ನೂ ಕೆಟ್ಟದ್ದು ಹೃದಯಾಘಾತದ ಟ್ರೋಪೋನಿನ್ ಟೆಸ್ಟ್. ಅದು ಸುಳ್ಳಾಗಿ ಕಡಿಮೆ ಬಂದು ಒಬ್ಬ ರೋಗಿ ಸತ್ತ ವರದಿ ಇಟ್ಟುಕೊಂಡೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿದ್ದು. ರಕ್ತ ಕೊಡೋಕೆ ಕನಿಷ್ಠ ಎರಡು ದಿನ ಮುಂಚೆ ನಿಲ್ಲಿಸಬೇಕು, ಡೋಸ್ ದೊಡ್ಡದಿದ್ರೆ ಇನ್ನೂ ಮುಂಚೆ. ಕೌಂಟರಲ್ಲಿ ಹೇಳಲೂಬೇಕು. ನಾವು "ಖಾಲಿ ಹೊಟ್ಟೇನಾ?" ಅಂತ ಕೇಳ್ತೀವಿ, "ಬಯೋಟಿನ್ ತಗೊಂಡ್ರಾ?" ಅಂತ ಎಷ್ಟು ಕಡೆ ಕೇಳ್ತಾರೆ ಹೇಳಿ.

ಇನ್ನೊಂದು. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಟೆಸ್ಟ್ ಎಚ್‌ಬಿಎ1ಸಿ ಇಳಿದಿದ್ದೆಲ್ಲಾ ಸಕ್ಕರೆ ಇಳಿದಿದ್ದು ಅಂತ ನಂಬಬೇಡಿ. ಕಬ್ಬಿಣದ ಕೊರತೆ ಇದ್ದಾಗ ಅದು ಇರೋದಕ್ಕಿಂತ ಜಾಸ್ತಿ ತೋರಿಸಬಹುದು. ಐರನ್ ಟಾನಿಕ್ ಶುರು ಮಾಡಿದ ಮೇಲೆ ಹೊಸ ಕೆಂಪು ರಕ್ತಕಣ ಬಂದು ಎ1ಸಿ ತಾನಾಗೇ ಇಳಿಯುತ್ತೆ. ಅದೇ ಹೊತ್ತಿಗೆ ಯಾವುದೋ ಕಷಾಯ ಕುಡೀತಿದ್ರೆ ಹೂಮಾಲೆ ಕಷಾಯಕ್ಕೆ.

ಅಂದ ಹಾಗೆ ಅಮ್ಮನ ಪಟ್ಟೀಲಿ ವಿಟಮಿನ್ ಬಿ12 ಇಲ್ವಲ್ಲ? ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಿಗೆ ಸಣ್ಣ ಕರುಳಿನ ಕೊನೇ ಭಾಗದಲ್ಲಿ ಬಿ12 ಹೀರಿಕೆ ಕಡಿಮೆ ಆಗುತ್ತೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಇದನ್ನ ಸಾಮಾನ್ಯ ಅಡ್ಡಪರಿಣಾಮ ಅಂತಲೇ ಘೋಷಿಸಿತು. ಶುದ್ಧ ಸಸ್ಯಾಹಾರಿಗಳಾದ್ರೆ ಕೇಳೋದೇ ಬೇಡ. ಪಾದ ಉರಿ, ಜೋಮು ಬಂದ್ರೆ "ಶುಗರ್‌ನಿಂದ ನರ ಹೋಯ್ತು" ಅಂತ ಕೂತುಬಿಡ್ತಾರೆ, ಕೆಲವರಿಗೆ ಅದು ಬಿ12 ಕೊರತೆ. ನಾಳೆ ಹೋದಾಗ ಆ ಟೆಸ್ಟ್ ಕೇಳಿ.

ಸತ್ಯ_ಹೇಳ್ತೀನಿ_ಕೇಳಿ

ಇದೆಲ್ಲಾ ಔಷಧ ಕಂಪನಿಗಳ ಲಾಬಿ. ಗಿಡಮೂಲಿಕೆಯಿಂದ ಗುಣ ಆದ್ರೆ ಅವರ ವ್ಯಾಪಾರ ನಿಲ್ಲುತ್ತೆ. ನ್ಯಾಚುರಲ್ ಆಗಿರೋದಕ್ಕೆ ಸೈಡ್ ಎಫೆಕ್ಟ್ ಇಲ್ಲ. ನಾನು ಒಂದು ಪ್ರಾಡಕ್ಟ್ ತಗೊಂಡೆ, ವಾರದಲ್ಲಿ 280ರಿಂದ 130. ಬೇಕಾದವರು ಮೆಸೇಜ್ ಮಾಡಿ.

ನಿರ್ವಾಹಕ

ಇದರ ಕೆಳಗಿದ್ದ ಮಾರಾಟದ ಲಿಂಕ್ ತೆಗೆದಿದ್ದೇನೆ. ಇನ್ನೊಮ್ಮೆ ಹಾಕಿದರೆ ಖಾತೆ ಬಂದ್.

ಎಡಿಸನ್_ಕನ್ನಡತಿ (ನ್ಯೂಜೆರ್ಸಿ)

ಮೆಟ್‌ಫಾರ್ಮಿನ್ ಕೂಡಾ ಗಿಡದ ಮೊಮ್ಮಗನೇ ಸ್ವಾಮಿ. ಯುರೋಪಿನ ಗಲೀಗಾ ಅನ್ನೋ ಗಿಡದಲ್ಲಿದ್ದ ಗಲೀಜಿನ್ ಅನ್ನೋ ಪದಾರ್ಥದ ಜಾಡು ಹಿಡಿದು ಬಂದಿದ್ದು, 1957ರಲ್ಲಿ ಪ್ಯಾರಿಸ್ಸಿನ ಝಾನ್ ಸ್ಟರ್ನ್ ಅದನ್ನ ಮಧುಮೇಹಿಗಳಿಗೆ ಕೊಟ್ಟು ಪ್ರಕಟಿಸಿದರು. ಗಿಡದಲ್ಲಿ ಔಷಧಿ ಇಲ್ಲ ಅಂತ ಇಲ್ಲಿ ಯಾರೂ ಹೇಳ್ತಿಲ್ಲ.

ವಾರದಲ್ಲಿ 280ರಿಂದ 130ಕ್ಕೆ ಬಂದಿದ್ರೆ ನಾನಾಗಿದ್ರೆ ಖುಷಿಪಡೋ ಬದಲು ಡಬ್ಬಿಯೊಳಗೆ ನಿಜವಾಗಿ ಏನಿದೆ ಅಂತ ಕೇಳ್ತಿದ್ದೆ. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ "ಶುದ್ಧ ಗಿಡಮೂಲಿಕೆ" ಅಂತ ಮಧುಮೇಹಕ್ಕೆ ಮಾರುತ್ತಿದ್ದ ಚೀನೀ ಗುಳಿಗೆಗಳಲ್ಲಿ ಗ್ಲಿಬೆನ್‌ಕ್ಲಮೈಡ್, ಜೊತೆಗೆ ಅಮೆರಿಕದಲ್ಲಿ ಅದಕ್ಕೂ ಎರಡು ದಶಕ ಮೊದಲೇ ನಿಂತುಹೋಗಿದ್ದ ಫೆನ್‌ಫಾರ್ಮಿನ್ ಸಿಕ್ಕಿತ್ತು. 2008ರಲ್ಲಿ ಸಿಂಗಾಪುರದಲ್ಲಿ ಮಧುಮೇಹವೇ ಇಲ್ಲದ 150 ಮಂದಿ ಲೋ ಶುಗರ್‌ನಿಂದ ಆಸ್ಪತ್ರೆ ಸೇರಿದರು, ನಾಲ್ಕು ಜನ ಸತ್ತರು. ತಗೊಂಡಿದ್ದು ಗಂಡಸುತನದ ಗುಳಿಗೆ, ಒಳಗಿದ್ದಿದ್ದು ಗ್ಲಿಬೆನ್‌ಕ್ಲಮೈಡ್. ಈಗಾಗಲೇ ಗ್ಲಿಮಿಪಿರೈಡ್ ತಗೊಳ್ತಿರೋ ಅಜ್ಜಿಗೆ ಅಂಥ ಡಬ್ಬಿ ಸಿಕ್ಕಿದ್ರೆ ಅವರು ತಿಳಿಯದೇ ಡಬಲ್ ಡೋಸ್ ನುಂಗಿದ ಲೆಕ್ಕ.

ಭಾರತದಲ್ಲೇ 1954ರ ಕಾಯ್ದೆ ಇದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ತಡೆಯೋದು. ಗುಣ ಮಾಡ್ತೀವಿ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟೀಲಿ ಮಧುಮೇಹ ಇದೆ. ಆಮೇಲೆ ಫೋನ್ ತೆಗೆದು ನೋಡಿ, ದಿನಾ ಎಷ್ಟು ಜಾಹೀರಾತು!

ಇಲ್ಲಿ ನಮ್ಮ ಮಾವನ ಡಾಕ್ಟರ್ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಪಟ್ಟಿ ಬೇಡ, ಮನೇಲಿರೋ ಎಲ್ಲಾ ಡಬ್ಬಿ, ಸ್ಟ್ರಿಪ್, ಪೊಟ್ಟಣ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತಾರೆ. ಊರಿಂದ ಬಂದ ಲೇಬಲ್ ಇಲ್ಲದ ಭಸ್ಮ ಕಂಡು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಟೆಸ್ಟ್ ಬರೆದರು. ನನಗೆ ಆಗ ಅತಿ ಅನ್ನಿಸಿತ್ತು. ಆಮೇಲೆ ಓದಿದೆ, 2011-12ರಲ್ಲಿ ನ್ಯೂಯಾರ್ಕ್‌ನಲ್ಲಿ ಭಾರತದಿಂದ ತಂದ ಅಂಥ ಔಷಧ ತಗೊಂಡ ಗರ್ಭಿಣಿಯರಲ್ಲಿ ಸೀಸದ ವಿಷ ಕಂಡಿತ್ತಂತೆ. ಮಾವನಿಗೆ ತೋಳಲ್ಲಿ ಅಂಟಿಸೋ, ಸಕ್ಕರೆ ಅಳೆಯೋ ಸೆನ್ಸರ್ ಬೇರೆ ಇದೆ. ಕೆಲವು ಸೆನ್ಸರ್‌ಗಳು ದಿನಕ್ಕೆ 500 ಮಿ.ಗ್ರಾಂ ದಾಟಿ ವಿಟಮಿನ್ ಸಿ ತಗೊಂಡ್ರೆ ಸಕ್ಕರೆ ಇರೋದಕ್ಕಿಂತ ಜಾಸ್ತಿ ತೋರಿಸುತ್ತವೆ. ನೆಗಡಿ ಅಂತ ಅವರು ಚಪ್ಪರಿಸ್ತಿದ್ದ ಮಾತ್ರೆ ಒಂದೊಂದೂ 500!

ಕುಡ್ಲ_ಮೀನುಗಾಡಿ

ನಮ್ಮಲ್ಲಿ ಇನ್ನೊಂದು ಉಂಟು ಮಾರಾಯ್ರೆ, ಬಿಂಬುಳಿ ರಸ. ಕೊಲೆಸ್ಟ್ರಾಲಿಗೆ ಒಳ್ಳೇದು, ಶುಗರಿಗೆ ಒಳ್ಳೇದು ಅಂತ ಲೋಟಗಟ್ಟಲೆ ಕುಡಿಯುವುದು. ಮೀನಿನ ಸಾರಿಗೆ ನಾಲ್ಕು ಬಿಂಬುಳಿ ಹಾಕಿದ್ರೆ ಯಾರಿಗೂ ಏನೂ ಆಗುದಿಲ್ಲ. ನನ್ನ ಚಿಕ್ಕಪ್ಪ ರಸ ಹಿಂಡಿ ಕುಡಿದು ಕಿಡ್ನಿ ಡಾಕ್ಟ್ರ ಹತ್ರ ಹೋಗ್ಬೇಕಾಯ್ತು. ಯಾರಿಗಾದ್ರೂ ಗೊತ್ತುಂಟಾ ಇದರ ಬಗ್ಗೆ?

ಔಷಧಿ_ಅಂಗಡಿ (ದಾವಣಗೆರೆ)

ಬಿಂಬುಳಿಯಲ್ಲಿ ಆಕ್ಸಲೇಟ್ ವಿಪರೀತ. ರಸ ಹಿಂಡಿದ್ರೆ ಅಷ್ಟೂ ಒಟ್ಟಿಗೆ ಹೋಗಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳು ಕಟ್ಟುತ್ತೆ. ಕೇರಳದ ಕಿಡ್ನಿ ವೈದ್ಯರು 2013ರಲ್ಲಿ ಇಂಥ ಹತ್ತು ರೋಗಿಗಳ ವಿವರ ಪ್ರಕಟಿಸಿದ್ರು. ಅದರ ಅಣ್ಣ ಧಾರೆಹುಳಿ, ಅಂದ್ರೆ ಕಮರಾಕ್ಷಿ, ಕಿಡ್ನಿ ಆಗಲೇ ಸೋತವರಿಗೆ ಮೆದುಳಿಗೂ ಏಟು ಕೊಡುತ್ತೆ. ನಿಲ್ಲದ ಬಿಕ್ಕಳಿಕೆಯಿಂದ ಶುರು.

ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿ ಸದ್ದಿಲ್ಲದೆ ಸೋತಿರುತ್ತೆ, ಅದಕ್ಕೇ ಕಿಡ್ನಿಯ ಕ್ರಿಯಾಟಿನಿನ್ ಟೆಸ್ಟ್ ನೋಡದೆ ಯಾವ ರಸಾನೂ ಬೇಡ ಅನ್ನೋದು. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಬಿಪಿ ಮಾತ್ರೆ ತಗೊಳೋರಿಗೆ ಪೊಟ್ಯಾಸಿಯಂ ಮೊದಲೇ ಏರೋ ಕಡೆ ಇರುತ್ತೆ. ಅದರ ಮೇಲೆ ದಿನಾ ನೋನಿ ಜ್ಯೂಸು, ಲೋ ಸೋಡಿಯಂ ಉಪ್ಪು ಸೇರಿದ್ರೆ ಕಷ್ಟ. ಆ ಉಪ್ಪಿನಲ್ಲಿ ಸೋಡಿಯಂ ಬದಲು ಹಾಕೋದೇ ಪೊಟ್ಯಾಸಿಯಂ.

ತುಂಗಾತೀರ

ಅಮ್ಮ, ಅಪ್ಪ ಡಾಕ್ಟರ್ ಹತ್ರ ಹೋಗಿ ಬಂದ್ರು. ನ್ಯೂಜೆರ್ಸಿಯವರು ಹೇಳಿದ ಹಾಗೆ ಎಲ್ಲಾ ಡಬ್ಬಿ ಬಟ್ಟೆ ಚೀಲಕ್ಕೆ ತುಂಬಿಕೊಂಡೇ ಹೋದ್ರು. ಡಾಕ್ಟರ್ ಬೈಲಿಲ್ಲ. "ಇಷ್ಟು ದಿನ ಯಾಕಮ್ಮ ಹೇಳಲಿಲ್ಲ" ಅಂದ್ರಂತೆ, ಅಮ್ಮ "ನೀವು ಕೇಳಲಿಲ್ಲ" ಅಂದ್ರಂತೆ. ಅಪ್ಪ ಫೋನಲ್ಲಿ ನಕ್ಕಿದ್ದೇ ನಕ್ಕಿದ್ದು.

ಗ್ಲಿಮಿಪಿರೈಡ್ ಬೆಳಗಿನದ್ದು 1ಕ್ಕೆ ಇಳಿಸಿದ್ದಾರೆ, ಪುಡಿ ಪೂರ್ತಿ ಬಂದ್. ಪುಡಿ ಬಿಟ್ಟ ಮೇಲೆ ಶುಗರ್ ಏರಬಹುದು, ಎರಡು ವಾರ ಬರೆದಿಟ್ಟು ತನ್ನಿ ಅಂದ್ರು. ಬಿ12 ಬಹಳ ಕಡಿಮೆ ಬಂದಿದೆ, ಅದಕ್ಕೆ ಇಂಜೆಕ್ಷನ್ ಬರೆದರು. ತಮಾಷೆ ನೋಡಿ, ಬೇಕಾಗಿದ್ದ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಕಪಾಟಲ್ಲಿತ್ತು. ಥೈರಾಯ್ಡ್ ಟೆಸ್ಟ್ ಬಯೋಟಿನ್ ನಿಲ್ಲಿಸಿದ ಮೇಲೆ ಮತ್ತೆ ಮಾಡಿಸಬೇಕು. ಕ್ಯಾಲ್ಸಿಯಂನ ಥೈರಾಯ್ಡ್ ಮಾತ್ರೆ ಜೊತೆಗೇ ನುಂಗ್ತಿದ್ರು, ನಾಲ್ಕು ಗಂಟೆ ಅಂತರ ಬೇಕಂತೆ, ಅದನ್ನ ಮಧ್ಯಾಹ್ನದ ಊಟಕ್ಕೆ ಸರಿಸಿದ್ದಾರೆ.

ಅಮ್ಮನದು ಈಗ ಒಂದೇ ಹಠ. "ಎಲ್ಲಾ ಬಿಡಿಸಿದ್ರಿ, ನೆನೆಸಿದ ಮೆಂತ್ಯನಾದ್ರೂ ಬಿಡಿ." ಡಾಕ್ಟರ್‌ನ ಕೇಳೋಕೆ ಮರೆತು ಬಂದಿದ್ದಾರೆ. ಅದೂ ಬೇಡ್ವಾ?

ಅಳಲೆಕಾಯಿ (ಆಯುರ್ವೇದ ವೈದ್ಯೆ, ಉಡುಪಿ)

ಅಡುಗೆಗೆ ಹಾಕುವಷ್ಟು ಮೆಂತ್ಯಕ್ಕೆ ಯಾರ ಅಪ್ಪಣೆಯೂ ಬೇಡ, ಮೆಂತ್ಯ ಸೊಪ್ಪಿನ ಪಲ್ಯಕ್ಕೂ ಬೇಡ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಸಕ್ಕರೆ ಇಳಿಯುತ್ತದೆ ಅಂತ ತೋರಿಸಿದ್ದು ದಿನಕ್ಕೆ 25ರಿಂದ 100 ಗ್ರಾಂ ಬೀಜದಲ್ಲಿ. ಅಷ್ಟು ತಿಂದರೆ ಅದು ಮದ್ದಿನ ಲೆಕ್ಕಕ್ಕೇ ಬಂತು, ಹೊಟ್ಟೆಯೂ ಸುಮ್ಮನಿರುವುದಿಲ್ಲ. ಒಂದು ಚಮಚ ನೆನೆಸಿದ್ದಾದರೆ ದಿನಾ ಅಷ್ಟೇ ಇರಲಿ. ಇವತ್ತು ಒಂದು, ನಾಳೆ ನಾಲ್ಕು ಅಂತ ಆದರೆ ಡಾಕ್ಟರು ಡೋಸ್ ಹೊಂದಿಸುವುದು ಹೇಗೆ? ಡೋಸ್ ಈಗಷ್ಟೇ ಬದಲಾಗಿದೆ. ಈ ಎರಡು ವಾರ ಅದೂ ಬೇಡ, ಆಮೇಲೆ ಅವರನ್ನು ಕೇಳಿಯೇ ಶುರು ಮಾಡಿ.

ಔಷಧಿ_ಅಂಗಡಿ (ದಾವಣಗೆರೆ)

ಶುರು ಮಾಡಿದ್ರೂ ಮಾತ್ರೆ ಜೊತೆಗೇ ಬೇಡ. ಮೆಂತ್ಯ, ಇಸಬ್ಗೋಲ್ ಎರಡೂ ಹೊಟ್ಟೇಲಿ ಲೋಳೆ ಕಟ್ಟುತ್ತವೆ, ಮಾತ್ರೆ ಅದರಲ್ಲಿ ಸಿಕ್ಕಿಕೊಂಡ್ರೆ ರಕ್ತಕ್ಕೆ ಸೇರೋದು ನಿಧಾನ. ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆಗಂತೂ ಬೆಳಿಗ್ಗೆ ಬರೀ ನೀರು.

ಹೊನ್ನೆಲೋಟ

ಸರ್, ನನ್ನ ಸ್ಟ್ರಿಪ್ ನೋಡಿದೆ. ಬರೀ ಮೆಟ್‌ಫಾರ್ಮಿನ್ 500. ಹಾಗಾದ್ರೆ ನನಗೆ ಲೋಟ ಪರವಾಗಿಲ್ವಾ?

ಔಷಧಿ_ಅಂಗಡಿ (ದಾವಣಗೆರೆ)

ಲೋ ಆಗೋ ಭಯ ನಿಮಗೆ ಬಹಳ ಕಡಿಮೆ. ಕುಡೀತಿರೋದನ್ನ ಡಾಕ್ಟರ್ ಚೀಟಿ ಮೇಲೆ ಬರೆಸಿ, ಎಲೆ ತಿನ್ನೋದನ್ನೂ ಸೇರಿಸಿ. ಮುಂದೆ ಅವರು ಗ್ಲಿಮಿಪಿರೈಡ್ ಸೇರಿಸಿದ್ರೆ ಆ ದಿನವೇ ಲೋಟದ ವಿಷಯ ಮತ್ತೆ ಎತ್ತಬೇಕು. ಬಿ12 ಮಾಡಿಸಿ ಎಷ್ಟು ದಿನ ಆಯ್ತು?

ಹೊನ್ನೆಲೋಟ

ಮಾಡಿಸೇ ಇಲ್ಲ ಸರ್. ಪಾದ ಉರಿ ಇದೆ, ಲೋಟದ ನೀರಿಂದ ಉಷ್ಣ ಆಗಿರಬೇಕು ಅಂದ್ಕೊಂಡಿದ್ದೆ.

ರಕ್ತಪರೀಕ್ಷೆ_ರಾಜ (ಲ್ಯಾಬ್ ಟೆಕ್ನೀಷಿಯನ್)

ಸೋಮವಾರ ಹೋಗಿ ರಕ್ತ ಕೊಡಿ. ಬಿ12ಗೆ ಸಾಮಾನ್ಯವಾಗಿ ಖಾಲಿ ಹೊಟ್ಟೆ ಬೇಕಾಗಲ್ಲ. ಮಲ್ಟಿವಿಟಮಿನ್ ಏನಾದ್ರೂ ನುಂಗ್ತಿದ್ರೆ ಮೊದಲೇ ಹೇಳಿ, ಅದರಲ್ಲೂ ಬಯೋಟಿನ್ ಇರುತ್ತೆ.